ಬೆಳಗಿನ ಸುತ್ತು ನಿಂತ ಮೇಲೆ

ಚಿಕ್ಕಮಗಳೂರು
9 ಆಗಸ್ಟ್ 2024

ಅಬ್ದುಲ್ ರಹೀಮ್ ಮೇಸ್ತ್ರಿಯವರಿಗೆ,

ನಮಸ್ಕಾರ. ಮೂರು ವಾರದಿಂದ ಫೋನ್ ಮಾಡುತ್ತಿದ್ದೇನೆ. ಬೆಲ್ ಆಗುತ್ತದೆ, ನೀವು ತೆಗೆಯುವುದಿಲ್ಲ. ನಿನ್ನೆ ನಿಮ್ಮ ಮಗಳು ರುಬೀನಾ ತೆಗೆದಳು. "ಅಪ್ಪ ನಿಮ್ಮ ಹತ್ರ ಮಾತಾಡಲ್ವಂತೆ ಮೇಡಂ" ಅಂದವಳೇ ಇಟ್ಟಳು. ಪಾಪ, ಅವಳಿಗೆ ಹೇಳುವಾಗ ಸಂಕಟವಾಗಿತ್ತು. ಮಾತಾಡದವರಿಗೆ ಕಾಗದವಾದರೂ ತಲುಪುತ್ತದಲ್ಲ ಎಂದು ಬರೆಯುತ್ತಿದ್ದೇನೆ. ವಸ್ತಾರೆಯ ಪೋಸ್ಟ್‌ಮ್ಯಾನ್‌ಗೆ ನಿಮ್ಮ ಮನೆ ಗೊತ್ತಿಲ್ಲದೆ ಇರಲಾರದು. ಆ ಬೀದಿಯ ಅರ್ಧ ಮನೆಗಳನ್ನು ಕಟ್ಟಿದವರು ನೀವೇ.

ಕಂಪನಿಗೆ ನಾನು ಕೊಟ್ಟ ವರದಿಯ ಮೊದಲ ಸಾಲುಗಳನ್ನು ಇಲ್ಲಿ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ. ಕಳಸ ಹೊರನಾಡು ರಸ್ತೆಯ ತೊರೆಗದ್ದೆ ಎಸ್ಟೇಟಿನಲ್ಲಿ ಕೂಲಿಕಾರರಿಗೆ ಕಟ್ಟಿದ ಆರು ಹೊಸ ಲೈನ್ ಮನೆಗಳ ಹಿಂದೆ, ಗುಡ್ಡ ಕಡಿದ ಧರೆ ಜರಿಯದಂತೆ ನೂರಿಪ್ಪತ್ತು ಅಡಿ ಉದ್ದದ ಕಲ್ಲಿನ ತಡೆಗೋಡೆ ಕಟ್ಟಲಾಗಿತ್ತು. ಜುಲೈ ಹದಿನೆಂಟರಂದು ಮಧ್ಯಾಹ್ನ ಮೂರೂವರೆಗೆ ಅದರ ಒಂದು ತುದಿಯ ಇಪ್ಪತ್ತು ಅಡಿ ಕುಸಿದು ಒಂದನೇ ಮನೆಯ ಮೇಲೆ ಬಿತ್ತು. ಜ್ವರವೆಂದು ಕೆಲಸಕ್ಕೆ ಹೋಗದೆ ಮಲಗಿದ್ದ ಭಾಗಮ್ಮ ಎಂಬ ಐವತ್ತೆರಡು ವರ್ಷದ ಹೆಂಗಸು ಅಲ್ಲೇ ತೀರಿಕೊಂಡರು.

'ಭಾಗಮ್ಮ ಎಂಬ' ಎಂದು ಬರೆಯುವಾಗ ಕೈ ತಡೆಯಿತು. ಅದೇ ಗೋಡೆಗೆ ಎರಡು ತಿಂಗಳು ಸಿಮೆಂಟು ಹೊತ್ತವಳು, ದಿನವೂ ಮಧ್ಯಾಹ್ನ ನಮಗೆ ಉಪ್ಪಿನಕಾಯಿ ಕೊಟ್ಟವಳು. ವರದಿಯಲ್ಲಿ ಅದಕ್ಕೆಲ್ಲ ಜಾಗವಿಲ್ಲ.

ನಮ್ಮ ಮ್ಯಾನೇಜರ್ ಬಸವರಾಜಪ್ಪನವರು ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದ್ದಾರೆ. ಅದನ್ನು ನಾನು ನಿಮಗೆ ಕೇಳಲೇಬೇಕು. ಗೋಡೆಯ ಹಿಂದೆ ನೀರು ಬಸಿಯುವ ಜಲ್ಲಿಯನ್ನು ಪೂರ್ತಿ ತುಂಬಿಸಿದ್ದಿರಾ? ಅಥವಾ ಮಳೆಗೆ ಮುಂಚೆ ಮುಗಿಸುವ ಅವಸರದಲ್ಲಿ ಮಣ್ಣು ತಳ್ಳಿದಿರಾ? ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ಇಂತಿ,
ಭುವನಾ
ಸೈಟ್ ಇಂಜಿನಿಯರ್


ವಸ್ತಾರೆ
19 ಆಗಸ್ಟ್ 2024

ಸೈಟ್ ಇಂಜಿನಿಯರ್ ಅವರಿಗೆ,

ನಿಮ್ಮ ಪತ್ರ ತಲುಪಿತು. ಗೋಡೆಯ ಹಿಂದೆ ಒಂದೂವರೆ ಅಡಿ ದಪ್ಪಕ್ಕೆ ಬುಡದಿಂದ ತಲೆಯವರೆಗೆ ಜಲ್ಲಿ ತುಂಬಿಸಿದ್ದೇನೆ. ಐದು ಅಡಿಗೊಂದು ನೀರಿನ ಪೈಪು ಇಟ್ಟಿದ್ದೇನೆ. ಎಲ್ಲವೂ ಡ್ರಾಯಿಂಗ್ ಪ್ರಕಾರ ಇದೆ. ಅನುಮಾನವಿದ್ದರೆ ಅಗೆದು ನೋಡಬಹುದು.

ಇಂತಿ,
ಅಬ್ದುಲ್ ರಹೀಮ್
ಗಾರೆ ಮೇಸ್ತ್ರಿ


ಚಿಕ್ಕಮಗಳೂರು
22 ಸೆಪ್ಟೆಂಬರ್ 2024

ರಹೀಮಣ್ಣನಿಗೆ,

ಅಗೆದು ನೋಡಿದೆ. ಜಲ್ಲಿ ಇದೆ, ಬುಡದಿಂದ ತಲೆಯವರೆಗೆ, ನೀವು ಬರೆದ ಹಾಗೆಯೇ. ಬಿದ್ದ ಕಲ್ಲುಗಳ ನಡುವೆ ಕೂತು ಟೇಪು ಹಿಡಿದು ಅಳೆಯುವಾಗ ನಾಚಿಕೆಯಾಯಿತು. ಹನ್ನೊಂದು ವರ್ಷ ಜೊತೆಗೆ ಕೆಲಸ ಮಾಡಿದವರನ್ನು ಜಲ್ಲಿ ಹಾಕಿದಿರಾ ಎಂದು ಕೇಳಿದೆನಲ್ಲ. ತಪ್ಪಾಯಿತು. ಆ ಪ್ರಶ್ನೆ ಬಸವರಾಜಪ್ಪನವರದ್ದು ಎಂದು ಬರೆದಿದ್ದೆ. ನನ್ನದೂ ಆಗಿತ್ತು.

ಆದರೆ ಅಲ್ಲಿ ಇನ್ನೊಂದು ಕಂಡಿತು. ಮಳೆ ಬಿಟ್ಟು ಒಂಬತ್ತು ದಿನವಾಗಿತ್ತು. ಜರಿದ ಧರೆಯ ಮುಖದಲ್ಲಿ, ನನ್ನ ಎದೆಯ ಎತ್ತರದಲ್ಲಿ, ಹೆಬ್ಬೆರಳು ಗಾತ್ರದ ನೀರು ಬರುತ್ತಲೇ ಇತ್ತು. ಮಳೆಯ ನೀರಾಗಿದ್ದರೆ ಅಷ್ಟು ದಿನದಲ್ಲಿ ನಿಲ್ಲಬೇಕಿತ್ತು. ಅದು ಒರತೆ. ಮಳೆಗಾಲದಲ್ಲಿ ಅದು ತೊಡೆ ಗಾತ್ರ ಆಗಿದ್ದಿರಬೇಕು. ಅದನ್ನು ಹೊರಗೆ ಸಾಗಿಸಲು ಮೂರು ಇಂಚಿನ ಪೈಪುಗಳಿಂದ ಆಗುತ್ತಿರಲಿಲ್ಲ. ಗೋಡೆ ನೀರನ್ನು ಬೆನ್ನಿಗೆ ಹೊತ್ತು ನಿಲ್ಲುವಷ್ಟು ದಿನ ನಿಂತಿತು.

ಡ್ರಾಯಿಂಗ್‌ನಲ್ಲಿ ಆ ಒರತೆ ಇಲ್ಲ. ಬೆಂಗಳೂರಿನಲ್ಲಿ ಕೂತು ಡ್ರಾಯಿಂಗ್ ಮಾಡಿದವರಿಗೆ ಅದು ಹೇಗೆ ಗೊತ್ತಾಗಬೇಕು? ನನ್ನ ಕಣ್ಣಿಗೂ ಬೀಳಲಿಲ್ಲ. ಆದರೆ ನಿಮ್ಮ ಕಣ್ಣಿಗೆ?

ನನ್ನ ಮೊದಲ ಕೆಲಸ ನೆನಪಿದೆಯಾ? ಮಲ್ಲಂದೂರಿನ ಆ ಕಾಫಿ ಪಲ್ಪಿಂಗ್ ಶೆಡ್ಡು. ನನಗೆ ಇಪ್ಪತ್ಮೂರು. ಹೆಲ್ಮೆಟ್ಟು ಹಾಕಿಕೊಂಡು, ಡ್ರಾಯಿಂಗ್ ಸುರುಳಿ ಹಿಡಿದು, ನಿಮಗೆ ಅಪ್ಪಣೆ ಕೊಡಲು ಬಂದಿದ್ದೆ. ನೀವು ಪಾಯದಿಂದ ಒಂದು ಹಿಡಿ ಮಣ್ಣು ತೆಗೆದು ನನ್ನ ಅಂಗೈಗೆ ಹಾಕಿ, "ಹಿಂಡಿ ನೋಡಿ. ನೀವು ಕಾಲೇಜಲ್ಲಿ ಮಣ್ಣನ್ನ ಓದಿದ್ದೀರಿ ಮೇಡಂ, ಮಣ್ಣು ನಿಮ್ಮನ್ನ ಇನ್ನೂ ಓದ್ಲಿಲ್ಲ" ಅಂದಿರಿ. ಆಳುಗಳೆಲ್ಲ ನಕ್ಕರು. ನನಗೆ ಸಿಟ್ಟು ಬಂತು. ಮರುದಿನದಿಂದ ನಮ್ಮ ಬೆಳಗಿನ ಸುತ್ತು ಶುರುವಾಯಿತು. ಏಳು ಗಂಟೆಗೆ, ಆಳುಗಳು ಬರುವ ಮುಂಚೆ, ಕೈಯಲ್ಲಿ ಟೀ ಹಿಡಿದು ಇಬ್ಬರೂ ಸೈಟನ್ನು ಒಂದು ಸುತ್ತು ಹಾಕುವುದು. ಮೊದಲು ನೀವು ಮಾತಾಡಬೇಕು, ಆಮೇಲೆ ನಾನು. ನೀವು ನನ್ನ ಡ್ರಾಯಿಂಗಿನ ತಪ್ಪು ಹೇಳಬೇಕು, ನಾನು ನಿಮ್ಮ ಗೋಡೆಯ ಸೊಟ್ಟ ಹೇಳಬೇಕು. ಎಷ್ಟು ಜಗಳ ಆಡಿದರೂ ಎಂಟು ಗಂಟೆಗೆ ಮುಗಿಯಬೇಕು, ಆಳುಗಳ ಮುಂದೆ ತರಬಾರದು. ಹತ್ತು ವರ್ಷ ಹಾಗೆ ನಡೆಯಿತು. ನಾವು ಕಟ್ಟಿದ್ದು ಒಂದೂ ಬೀಳಲಿಲ್ಲ.

ಉಳಿದ ಐದು ಮನೆಯವರು ಈಗ ಎಸ್ಟೇಟಿನ ಹಳೇ ಗೋದಾಮಿನಲ್ಲಿದ್ದಾರೆ. ಅವರ ಮನೆಗಳ ಹಿಂದೆ ನಮ್ಮ ಗೋಡೆಯ ನೂರು ಅಡಿ ಇನ್ನೂ ನಿಂತಿದೆ. ಮೊನ್ನೆ ಭಾಗಮ್ಮನ ಗಂಡ ಬೊಮ್ಮಯ್ಯ ಬಂದು ಪಕ್ಕದಲ್ಲಿ ಕೂತರು. ಆಮೇಲೆ, "ಉಳ್ದಿದ್ದು ಗಟ್ಟಿ ಇದ್ಯಾ ಅಮ್ಮಾ? ಆ ಮನೇಲಿ ಮಕ್ಳಿರೋರು ಇದಾರೆ" ಅಂದರು. ಹೆಂಡತಿಯ ಬಗ್ಗೆ ಒಂದು ಮಾತಿಲ್ಲ. ನೋಡಿ ಹೇಳುತ್ತೇನೆ ಎಂದೆ. ಆ ಗೋಡೆಯ ಹಿಂದಿನ ಮಣ್ಣನ್ನು ಮುಟ್ಟಿ ನೋಡಿದ್ದು ನೀವೊಬ್ಬರೇ.

ಒರತೆ ನೋಡಿದ್ದಿರಾ ರಹೀಮಣ್ಣ?

ಭುವನಾ


ವಸ್ತಾರೆ
30 ಅಕ್ಟೋಬರ್ 2024

ಭುವನಾ ಮೇಡಂ ಅವರಿಗೆ,

ಮೂರು ಸಲ ಬರೆದು ಹರಿದೆ. ರುಬೀನಾಳ ನೋಟ್ ಪುಸ್ತಕ ತೆಳ್ಳಗಾಗಿ ಅವಳು ನನ್ನನ್ನು ಬೈದಳು. ನಾನು ಏಳನೇ ಕ್ಲಾಸಿನವನು, ಕಾಗದ ಬರೆಯುವುದಕ್ಕಿಂತ ಕಲ್ಲು ಇಡುವುದು ಸುಲಭ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೋಡಿದ್ದೆ.

ರಮ್ಜಾನ್ ಕಳೆದು ಹತ್ತು ದಿನವಾಗಿತ್ತು. ಏಪ್ರಿಲ್ ತಿಂಗಳು, ಒಂದು ಸೋಮವಾರ. ಈ ವರ್ಷದ ಬಿಸಿಲು ನಿಮಗೆ ಗೊತ್ತು, ಕಾಫಿ ಗಿಡಗಳೆಲ್ಲ ಎಲೆ ಜೋಲು ಬಿಟ್ಟಿದ್ದವು. ಒಂದನೇ ಮನೆಯ ಹಿಂದೆ ನಾವು ಪಾಯ ತೆಗೆಯುತ್ತಿದ್ದ ಕಡೆ ಧರೆಯಲ್ಲಿ ಕೆಸ ಹಸಿರಾಗಿ ನಿಂತಿತ್ತು. ಭಾಗಮ್ಮ ಬಾಂಡ್ಲಿ ಕೆಳಗಿಟ್ಟು ಎಲೆ ಕೀಳುತ್ತಿದ್ದಳು. "ಸಾಬ್ರೇ ನೋಡಿ, ಈ ಬಿಸ್ಲಲ್ಲೂ ಎಂಥ ಕೆಸ. ನನ್ನ ಮನೆ ಹಿಂದೇನೇ ಸಾರಿಗಾಯ್ತು" ಎಂದಳು. ಒಂದನೇ ನಂಬರಿನ ಮನೆ ತನಗೆ ಎಂದು ಅವಳಿಗೆ ಆಗಲೇ ಗೊತ್ತಾಗಿತ್ತು. ದಿನಕ್ಕೆ ನಾಲ್ಕು ಸಲ ಹೋಗಿ ಬಾಗಿಲು ಎಲ್ಲಿ ಬರುತ್ತದೆ, ಒಲೆ ಎಲ್ಲಿ ಬರುತ್ತದೆ ಎಂದು ಕೇಳುತ್ತಿದ್ದಳು.

ಬೇಸಿಗೆಯಲ್ಲಿ ಕೆಸ ಹಸಿರಿದ್ದರೆ ಕೆಳಗೆ ನೀರಿದೆ ಎಂದು ಕಾಡಿನ ಹಂದಿಗೂ ಗೊತ್ತು. ಧರೆಗೆ ಕೈ ಹಾಕಿ ಒಂದು ಹಿಡಿ ಮಣ್ಣು ತೆಗೆದು ಹಿಂಡಿದೆ. ಬೆರಳ ಸಂದಿಯಿಂದ ನೀರು ಇಳಿಯಿತು. ಅಷ್ಟರಲ್ಲಿ ನಿಮ್ಮ ಜೀಪು ಬಂತು. ನೀವು ಇಳಿಯಲಿಲ್ಲ, ಒಂದು ಕೈಯಲ್ಲಿ ಫೋನಿತ್ತು. "ಎಲ್ಲ ಸರಿ ಇದ್ಯಾ ಮೇಸ್ತ್ರಿ?" ಎಂದು ಕೇಳಿದಿರಿ. ನಾನು, "ಡ್ರಾಯಿಂಗ್ ಪ್ರಕಾರ ಇದೆ ಮೇಡಂ" ಎಂದೆ. ಜೀಪು ಹೋಯಿತು. ಮಣ್ಣು ಬಿಸಾಡಿ ಕೈ ತೊಳೆದುಕೊಂಡೆ.

ಯಾಕೆ ಹೇಳಲಿಲ್ಲ ಎಂದು ನೀವು ಕೇಳುತ್ತೀರಿ. ಮಾರ್ಚ್ ಹದಿನಾಲ್ಕು ನೆನಪು ಮಾಡಿಕೊಳ್ಳಿ. ಬಸವರಾಜಪ್ಪನವರು ಬಂದ ಮೇಲೆ ನಮ್ಮ ಸುತ್ತು ನಿಂತು ಎರಡು ತಿಂಗಳಾಗಿತ್ತು. ಅದರ ಬದಲು ಎಂಟು ಗಂಟೆಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸುವುದು, ಮೊಬೈಲಿನಲ್ಲಿ ಫೋಟೋ ಕಳಿಸುವುದು. ಆರನೇ ಮನೆಯ ಹಿಂದೆ ಸ್ವಲ್ಪ ಜೌಗು ಕಂಡು, ಕೆಲಸ ಒಂದೂವರೆ ದಿನ ನಿಲ್ಲಿಸಿ, ನೀರು ಹೋಗಲು ಕಾಲುವೆ ತೋಡಿಸಿದ್ದೆ. ನಿಮಗೆ ಬೆಳಿಗ್ಗೆ ಹೇಳೋಣವೆಂದರೆ ಸುತ್ತೇ ಇಲ್ಲವಲ್ಲ. ಅವತ್ತು ನೀವು ಮೂವತ್ತು ಜನರ ಮುಂದೆ, "ನಿಮ್ಮ ಅಭಿಪ್ರಾಯ ಇಲ್ಲಿ ಯಾರೂ ಕೇಳಿಲ್ಲ. ಡ್ರಾಯಿಂಗಲ್ಲಿ ಇರೋದನ್ನ ಮಾತ್ರ ಮಾಡಿ" ಎಂದಿರಿ. ಅಷ್ಟು ಸಾಲದೆ ಆರ್ಡರ್ ಪುಸ್ತಕದಲ್ಲಿ ಬರೆದು ನನ್ನ ಸಹಿ ಹಾಕಿಸಿಕೊಂಡಿರಿ. ಕಾಲುವೆ ಮುಚ್ಚಿಸಿದಿರಿ. ಉಪವಾಸದ ಮೂರನೇ ದಿನ ಅದು. ಬಸವರಾಜಪ್ಪನವರು ಬೈದಿದ್ದರೆ ಸಂಜೆಗೆ ಮರೆಯುತ್ತಿದ್ದೆ. ಅವರು ನನಗೆ ಯಾರು? ಬೈದವರು ನೀವು.

ಇನ್ನೊಂದನ್ನು ಬರೆಯದಿದ್ದರೆ ಈ ಕಾಗದ ಸುಳ್ಳಾಗುತ್ತದೆ. ಅವತ್ತು ಏಪ್ರಿಲ್‌ನಲ್ಲಿ ಜೀಪು ಹೋದ ಮೇಲೆ ನನಗೆ ಒಳಗೇ ಖುಷಿಯಾಗಿತ್ತು. ಒಂದು ದಿನ ಗೋಡೆ ಉಬ್ಬುತ್ತದೆ, ಆಗ ಇವರು ಓಡಿ ಬಂದು, "ರಹೀಮಣ್ಣ, ಯಾಕೆ ಮೊದ್ಲೇ ಹೇಳ್ಲಿಲ್ಲ?" ಎಂದು ಕೇಳುತ್ತಾರೆ, ಆಗ ನಾನು ಅವರ ಆರ್ಡರ್ ಅವರಿಗೇ ಓದಿ ಹೇಳುತ್ತೇನೆ ಎಂದುಕೊಂಡಿದ್ದೆ. ಉಬ್ಬುತ್ತದೆ ಎಂದುಕೊಂಡಿದ್ದೆ. ಬೀಳುತ್ತದೆ ಎಂದುಕೊಂಡಿರಲಿಲ್ಲ. ನಲವತ್ತು ವರ್ಷ ಕಲ್ಲು ಮುಟ್ಟಿದವನು ಅಷ್ಟೂ ತಿಳಿಯದೆ ಹೋದೆ. ಸಿಟ್ಟಿನಲ್ಲಿ ಮೂಗು ಕೊಯ್ದುಕೊಂಡರೆ ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ನಾನು ಕೊಯ್ದಿದ್ದು ನನ್ನ ಮೂಗನ್ನಲ್ಲ.

ಉಳಿದ ಗೋಡೆಯ ಬಗ್ಗೆ ಈಗ ಏನೂ ಹೇಳಲಾರೆ. ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸಿ.

ಅಬ್ದುಲ್ ರಹೀಮ್


ಚಿಕ್ಕಮಗಳೂರು
8 ನವೆಂಬರ್ 2024

ರಹೀಮಣ್ಣ,

ನಿಮ್ಮ ಕಾಗದವನ್ನು ಯಾರಿಗೂ ತೋರಿಸುವುದಿಲ್ಲ. ಬಸವರಾಜಪ್ಪನವರಿಗೆ ಇದು ಸಿಕ್ಕರೆ ಹಬ್ಬ. ಎಲ್ಲವನ್ನೂ ನಿಮ್ಮ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುತ್ತಾರೆ. ಹರಿಯಲು ಮನಸ್ಸು ಬರಲಿಲ್ಲ, ಬೀರುವಿನಲ್ಲಿ ಇಟ್ಟಿದ್ದೇನೆ.

ನನ್ನದನ್ನೂ ಹೇಳಿಬಿಡುತ್ತೇನೆ. ಮಾರ್ಚ್ ಹದಿನಾಲ್ಕರ ಬೆಳಿಗ್ಗೆ ಬಸವರಾಜಪ್ಪನವರು ನನ್ನನ್ನು ಆಫೀಸಿಗೆ ಕರೆದು, "ಸೈಟ್ ನಡ್ಸೋದು ನೀನಾ, ಮೇಸ್ತ್ರಿನಾ? ಗಟ್ಟಿ ಇಲ್ದಿದ್ರೆ ಹೇಳು, ಬೇರೆಯವರನ್ನ ಹಾಕ್ತೀನಿ" ಎಂದಿದ್ದರು. ಹೆಂಗಸು ಎಂಬ ಮಾತು ಅವರ ನಾಲಿಗೆಯ ತುದಿಯಲ್ಲಿತ್ತು, ಆಡಲಿಲ್ಲ ಅಷ್ಟೆ. ನಾನು ಗಟ್ಟಿ ಎಂದು ತೋರಿಸಲು ಅವರ ಮುಂದೆ ಬಾಯಿ ಬಿಡಬೇಕಿತ್ತು. ಅದು ಆಗಲಿಲ್ಲ. ನಿಮ್ಮ ಮುಂದೆ ಬಿಟ್ಟೆ, ಯಾಕೆಂದರೆ ನೀವು ತಿರುಗಿ ಬೈಯುವುದಿಲ್ಲ ಎಂದು ಗೊತ್ತಿತ್ತು.

ಆಮೇಲಿನ ಎರಡು ತಿಂಗಳು ನಮ್ಮ ನಡುವೆ ಒಂದೂ ಜಗಳ ಇರಲಿಲ್ಲ. ನಾನು ಹೇಳಿದ್ದಕ್ಕೆಲ್ಲ ನೀವು "ಆಯ್ತು ಮೇಡಂ." ಕೆಲಸ ಸರಸರ ಸಾಗಿತು. ಏಪ್ರಿಲ್ ತಿಂಗಳ ವರದಿಯಲ್ಲಿ 'ಮೇಸ್ತ್ರಿ ಮತ್ತು ತಂಡದೊಂದಿಗೆ ಹೊಂದಾಣಿಕೆ ಉತ್ತಮವಾಗಿದೆ' ಎಂದು ಬರೆದು ಸಹಿ ಹಾಕಿದೆ. ಮೌನಂ ಸಮ್ಮತಿ ಲಕ್ಷಣಂ ಎಂದು ಹೇಳಿದವರು ಯಾರೋ, ಅವರು ಯಾವತ್ತೂ ಸೈಟಿನಲ್ಲಿ ಕೆಲಸ ಮಾಡಿದವರಲ್ಲ.

ಇನ್ನು ಆ ಸೋಮವಾರ. ನಾನು ಜೀಪಿನಲ್ಲಿ ಕೂತಿದ್ದೆ. ನಿಮ್ಮ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ನೋಡಿದೆ ರಹೀಮಣ್ಣ. ಕೈ ತೊಳೆಯುವ ನೀರಿನ ಡ್ರಮ್ಮು ಇನ್ನೊಂದು ತುದಿಯಲ್ಲಿತ್ತು, ಅದೂ ಗೊತ್ತಿತ್ತು. ಹತ್ತು ವರ್ಷದಲ್ಲಿ ನೀವು ಒಂದು ಸಲವೂ 'ಡ್ರಾಯಿಂಗ್ ಪ್ರಕಾರ ಇದೆ' ಎಂದವರಲ್ಲ. ಇಳಿದು ಕೇಳಬೇಕು ಎನ್ನಿಸಿತು. ಇಳಿದರೆ ನೀವು ಏನೋ ಹೇಳುತ್ತೀರಿ, ನೀವು ಹೇಳಿದರೆ ಕೆಲಸ ನಿಲ್ಲಿಸಬೇಕು, ನಿಲ್ಲಿಸಿದರೆ ಮತ್ತೆ ಆ ಆಫೀಸಿನಲ್ಲಿ ನಿಲ್ಲಬೇಕು. ಡ್ರೈವರ್‌ಗೆ ಹೊರಡು ಎಂದೆ.

ನೀವು ಹೇಳಲಿಲ್ಲ, ನಾನು ಕೇಳಲಿಲ್ಲ. ಕೋಣ ಕೋಣಗಳ ಕಾದಾಟದಲ್ಲಿ ಗಿಡಕ್ಕೆ ಮೃತ್ಯು ಎನ್ನುತ್ತಾರೆ. ನಾವು ಕಾದಾಡಲೂ ಇಲ್ಲ. ಕಾದಾಡಿದ್ದರೆ ಅವಳು ಬದುಕುತ್ತಿದ್ದಳು.

ಭುವನಾ


ವಸ್ತಾರೆ
20 ನವೆಂಬರ್ 2024

ಮೇಡಂ,

ಕಾಗದವನ್ನು ಬೀರುವಿನಲ್ಲಿ ಇಡಲು ನಾನು ಬರೆಯಲಿಲ್ಲ. ಮುಚ್ಚಿಟ್ಟಿದ್ದರಿಂದ ಆಗಿದ್ದು ಸಾಲದೇ? ನನ್ನನ್ನು ಉಳಿಸುವ ಕೆಲಸ ನಿಮಗೆ ಬೇಡ. ಮೂವತ್ತು ಜನರ ಮುಂದೆ ಉಳಿಸಬೇಕಾದಾಗ ಉಳಿಸಲಿಲ್ಲ, ಈಗ ಬಾಗಿಲು ಹಾಕಿಕೊಂಡು ಉಳಿಸಿದರೆ ಯಾರಿಗೆ ಬೇಕು?

ನನ್ನ ಕಾಗದವನ್ನು ಭಾಗಮ್ಮನ ಸಾವಿನ ವಿಚಾರಣೆ ನಡೆಸುತ್ತಿರುವವರಿಗೆ ಕೊಡಿ. ನಿಮ್ಮದನ್ನೂ ಕೊಡಿ. ನಿಮ್ಮ ಕಾಗದವನ್ನು ಇದರ ಜೊತೆಗೇ ಮಡಿಸಿ ಕಳಿಸಿದ್ದೇನೆ. ಕೊಡಲು ಧೈರ್ಯ ಬರದಿದ್ದರೆ ತಿರುಗಿ ಕಳಿಸಿ, ನಾನೇ ಕಳಸಕ್ಕೆ ಹೋಗಿ ಕೊಟ್ಟು ಬರುತ್ತೇನೆ.

ಅಬ್ದುಲ್ ರಹೀಮ್


ಚಿಕ್ಕಮಗಳೂರು
6 ಜನವರಿ 2025

ರಹೀಮಣ್ಣನಿಗೆ,

ಎರಡನ್ನೂ ಕೊಟ್ಟೆ. ಡಿಸೆಂಬರ್ ಹತ್ತರಂದು ವಿಚಾರಣೆಯ ಅಧಿಕಾರಿಯ ಮೇಜಿನ ಮೇಲೆ ಇಟ್ಟು, ಇದು ನಮ್ಮಿಬ್ಬರ ಹೇಳಿಕೆ ಎಂದೆ. ಆರ್ಡರ್ ಪುಸ್ತಕದ ಆ ಹಾಳೆಯನ್ನೂ ಕೊಟ್ಟೆ. ಅವರು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಮ್ಮ, ಇದೆಲ್ಲ ನಿಮ್ಮ ಮನಸ್ಸಿನ ವಿಚಾರ. ವರದಿಗೆ ಬೇಕಾಗಿರೋದು ಗೋಡೆಯ ವಿಚಾರ" ಎಂದು ಹಿಂದಕ್ಕೆ ತಳ್ಳಿದರು.

ಮೊನ್ನೆ ವರದಿ ಬಂತು. ಗೋಡೆ ಡ್ರಾಯಿಂಗ್ ಪ್ರಕಾರವೇ ಕಟ್ಟಲ್ಪಟ್ಟಿದೆ, ಕುಸಿತಕ್ಕೆ ಕಾರಣ ಅನಿರೀಕ್ಷಿತ ಅತಿವೃಷ್ಟಿ, ಯಾರ ಲೋಪವೂ ಕಂಡುಬಂದಿಲ್ಲ. ಪೊಲೀಸ್ ಕೇಸೂ ಅಲ್ಲಿಗೇ ಮುಗಿಯುತ್ತದಂತೆ. ಬಸವರಾಜಪ್ಪನವರು ಆಫೀಸಿನಲ್ಲಿ ಎಲ್ಲರಿಗೂ ಪೇಡ ಹಂಚಿದರು. ನನ್ನ ಕೈಯಲ್ಲಿದ್ದ ಪೇಡವನ್ನು ಎಲ್ಲಿ ಇಡುವುದೆಂದು ತಿಳಿಯದೆ ತುಂಬ ಹೊತ್ತು ಹಿಡಿದುಕೊಂಡು ನಿಂತಿದ್ದೆ. ಶಿಕ್ಷೆ ಆಗುತ್ತದೆ ಎಂದು ಹೆದರಿದ್ದೆ ನಿಜ. ಆಗದಿದ್ದರೆ ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ.

ಆದರೆ ನಾನು ಬರೆಯುತ್ತಿರುವುದು ಅದಕ್ಕಲ್ಲ. ವರದಿಯ ಕೊನೆಯಲ್ಲಿ ಒಂದು ಸಾಲಿದೆ. ಉಳಿದ ನೂರು ಅಡಿ ಗೋಡೆ ಸುಭದ್ರವಾಗಿದೆ, ಕುಟುಂಬಗಳು ಮನೆಗೆ ಮರಳಬಹುದು. ಯುಗಾದಿಗೆ ಐದೂ ಮನೆಗೆ ಬೀಗದ ಕೈ ಕೊಡುತ್ತಾರೆ. ಮೂರನೇ ಮನೆಗೆ ಬರುವ ಪವಿತ್ರಾಳಿಗೆ ಈಗ ಆರು ತಿಂಗಳ ಮಗು. ಗೋದಾಮಿನಿಂದ ಹೊರಬೀಳುತ್ತೇವೆ ಎಂದು ಅವರಿಗೆಲ್ಲ ಸಂತೋಷ. ಬೇಡ ಎನ್ನಲು ನನ್ನ ಕೈಯಲ್ಲಿ ಏನೂ ಇಲ್ಲ, ಬರೀ ಭಯ ಇದೆ. ಭಯಕ್ಕೆ ಕಂಪನಿಯಲ್ಲಿ ಫಾರಂ ಇಲ್ಲ.

ಆ ಧರೆಯಲ್ಲಿ ಇನ್ನೆಲ್ಲಿ ನೀರಿದೆ ಎಂದು ನಾನು ಅಂದಾಜು ಮಾಡಬಲ್ಲೆ, ನೀವು ತೋರಿಸಬಲ್ಲಿರಿ. ಒಂದು ದಿನ ಬನ್ನಿ. ನನಗಾಗಿ ಬೇಡ.

ಭುವನಾ


ವಸ್ತಾರೆ
12 ಜನವರಿ 2025

ಮೇಡಂ,

ಹತ್ತೊಂಬತ್ತನೇ ತಾರೀಕು ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಗುದ್ದಲಿ, ಹಾರೆ, ಇಬ್ಬರು ಆಳು ಬೇಕು. ಬಸವರಾಜಪ್ಪನವರು ಇರಬಾರದು. ಬೊಮ್ಮಯ್ಯನಿಗೆ ನಾನು ಬರುವ ವಿಷಯ ಹೇಳಬೇಡಿ, ಅವನ ಎದುರು ನಿಲ್ಲಲು ನನಗೆ ಇನ್ನೂ ಆಗುವುದಿಲ್ಲ.

ಅಬ್ದುಲ್ ರಹೀಮ್


ಚಿಕ್ಕಮಗಳೂರು
24 ಫೆಬ್ರವರಿ 2025

ರಹೀಮಣ್ಣನಿಗೆ,

ಅವತ್ತು ನೀವು ಬಸ್ಸು ಹತ್ತಿದ ಮೇಲೆ ಏನೇನಾಯಿತು ಎಂದು ನಿಮಗೆ ತಿಳಿಯಬೇಕು. ನೀವು "ಇಲ್ಲಿ" ಎಂದ ಎರಡು ಜಾಗವನ್ನೂ ಪೂರ್ತಿ ಅಗೆಸಿದೆ. ಮೂರನೇ ಮನೆಯ ಹಿಂದೆ ಐದಡಿ ಆಳದಲ್ಲಿ ನೀರು ಸಿಕ್ಕಿತು. ಆರನೇ ಮನೆಯ ಹಿಂದೆ, ನಾನು ಮುಚ್ಚಿಸಿದ ಕಾಲುವೆಯ ಹತ್ತಿರ, ಮೂರೇ ಅಡಿಗೆ ಸಿಕ್ಕಿತು. ಜನವರಿಯಲ್ಲಿ ಇಷ್ಟಾದರೆ ಜುಲೈಯಲ್ಲಿ ಎಷ್ಟು?

ಈ ಸಲ ಬಸವರಾಜಪ್ಪನವರಿಗೆ ಹೇಳುವ ಮುಂಚೆ ತೋಟದ ಯಜಮಾನಿ ಗಿರಿಜಾಂಬಾ ಅವರಿಗೆ ನನ್ನ ಹೆಸರಿನಲ್ಲೇ ಕಾಗದ ಬರೆದು ಸಹಿ ಹಾಕಿದೆ. ಎಪ್ಪತ್ತು ವರ್ಷದ ಹೆಂಗಸು, ಸೀರೆ ಎತ್ತಿಕಟ್ಟಿಕೊಂಡು ಗುಂಡಿಗೆ ಇಳಿದು ನೀರಿಗೆ ಕೈ ಅದ್ದಿ ನೋಡಿದರು. ಮೇಲೆ ಬಂದು, "ಇದನ್ನ ಬಿಚ್ಚಿಸಿ. ನಮ್ಮ ಜನ ಇನ್ನೊಂದು ಮಳೆಗಾಲ ಗೋದಾಮಲ್ಲೇ ಇರ್ಲಿ, ಬದುಕಿರ್ಲಿ" ಎಂದರು. ಗೋಡೆ ಬಿಚ್ಚುವ ಕೆಲಸ ಶುರುವಾಗಿದೆ. ಪವಿತ್ರಾ ನನ್ನ ಮೇಲೆ ಸಿಟ್ಟಾಗಿದ್ದಾಳೆ, ಮನೆಗೆ ಹೋಗುವ ಹೊತ್ತಿಗೆ ಕಲ್ಲು ಹಾಕಿದೆನೆಂದು. ಸಿಟ್ಟಾಗಲಿ. ಸಿಟ್ಟು ಮಾಡಿಕೊಳ್ಳಲು ಅವಳು ಇದ್ದಾಳಲ್ಲ.

ಹೊಸ ಗೋಡೆಯನ್ನು ನಾವಿಬ್ಬರೇ ಕಟ್ಟಬೇಕೆಂದು ಯಜಮಾನಿಯವರು ಹಟ ಹಿಡಿದಿದ್ದಾರೆ. ಬಸವರಾಜಪ್ಪನವರೂ ಈಗ, "ನಿಮ್ಮ ಜೋಡಿ ಒಳ್ಳೇ ಜೋಡಿ" ಎನ್ನುತ್ತಿದ್ದಾರೆ. ಅವರ ಬಾಯಲ್ಲಿ ಆ ಮಾತು ಕೇಳಿ ನನಗೆ ನಗು ಬರಲಿಲ್ಲ.

ಬನ್ನಿ ರಹೀಮಣ್ಣ. ಬೆಳಿಗ್ಗೆ ಏಳಕ್ಕೆ ಸುತ್ತು, ಮೊದಲಿನ ಹಾಗೆಯೇ. ಯಾರು ಬೇಡ ಎಂದರೂ ನಿಲ್ಲಿಸುವುದಿಲ್ಲ. ಆರ್ಡರ್ ಪುಸ್ತಕದಲ್ಲಿ ಅದನ್ನೇ ಮೊದಲು ಬರೆಯುತ್ತೇನೆ. ಹನ್ನೊಂದು ವರ್ಷದಲ್ಲಿ ನಾನು ಕಲಿತ ಕೆಲಸವೆಲ್ಲ ನಿಮ್ಮಿಂದ ಕಲಿತದ್ದು. ಕ್ಷಮಿಸಿ ಎಂದು ಈ ಕಾಗದಗಳಲ್ಲಿ ಎಲ್ಲೂ ನೇರವಾಗಿ ಬರೆದಿಲ್ಲ ಎಂದು ನಿನ್ನೆ ಹೊಳೆಯಿತು. ಕ್ಷಮಿಸಿ.

ಭುವನಾ


ವಸ್ತಾರೆ
11 ಮಾರ್ಚ್ 2025

ಭುವನಮ್ಮನವರಿಗೆ,

ಉಪವಾಸ ನಡೆಯುತ್ತಿದೆ, ಕೆಲಸ ಕಡಿಮೆ. ಕೂತು ಬರೆಯಲು ಸಮಯ ಸಿಕ್ಕಿತು.

ಗೋಡೆ ಬಿಚ್ಚುತ್ತಿದ್ದೀರಿ ಎಂದು ಓದಿ ಎದೆ ಹಗುರಾಯಿತು. ಆ ಮಗುವಿಗೆ ಒಳ್ಳೆಯದಾಗಲಿ. ಹೋದ ಶುಕ್ರವಾರ ಕಳಸಕ್ಕೆ ಹೋಗಿ ಬೊಮ್ಮಯ್ಯನನ್ನು ಕಂಡೆ. ಎಲ್ಲವನ್ನೂ ಹೇಳಿದೆ, ಕೆಸದ ಎಲೆಯನ್ನೂ ಸೇರಿಸಿ. ಅವನು ಬೈಯಲಿಲ್ಲ, ಅಳಲಿಲ್ಲ. "ಹೇಳ್ಬೌದಿತ್ತು ಸಾಬ್ರೇ" ಎಂದ. ಒಂದೇ ಮಾತು. ಆಮೇಲೆ ಎದ್ದು ದನಕ್ಕೆ ನೀರು ಕುಡಿಸಲು ಹೋದ. ಅವನು ವಾಪಸು ಬರುವವರೆಗೆ ಕಾದೆ. ಬರಲಿಲ್ಲ.

ನಿಮ್ಮ ಕ್ಷಮೆಯ ಮಾತನ್ನು ಎರಡು ಸಲ ಓದಿದೆ. ನನಗೆ ನಿಮ್ಮ ಮೇಲೆ ಈಗ ಸಿಟ್ಟಿಲ್ಲ. ನನ್ನಿಂದಲೂ ತಪ್ಪಾಗಿದೆ, ನೀವೂ ಮಾಫ್ ಮಾಡಿ. ಆದರೆ ಕೆಲಸಕ್ಕೆ ಬರುವುದಿಲ್ಲ.

ಯಾಕೆಂದು ಹೇಳದೆ ಬಿಟ್ಟರೆ ಮತ್ತೆ ಹಳೆಯ ತಪ್ಪೇ ಆಗುತ್ತದೆ. ಅವತ್ತು ಭಾನುವಾರ ನಾನು "ಇಲ್ಲಿ" ಎಂದಾಗ ನೀವು ತಲೆ ಆಡಿಸಿದಿರಿ. ಇನ್ನೊಂದು ಕಡೆ "ಇಲ್ಲಿ" ಎಂದೆ, ಅದಕ್ಕೂ ತಲೆ ಆಡಿಸಿದಿರಿ. ಆಮೇಲೆ ನಾಲ್ಕನೇ ಮನೆಯ ಹಿಂದೆ ನಿಂತು, ಇಲ್ಲಿ ಎಂತದೂ ಇಲ್ಲ, ಬಂಡೆ ಇದೆ ಎಂದೆ. ಅಲ್ಲಿ ಬಂಡೆ ಇರಲಿಲ್ಲ ಭುವನಮ್ಮ. ನಿಮ್ಮನ್ನು ನೋಡೋಣ ಎಂದೇ ಹಾಗೆ ಹೇಳಿದ್ದು. ಮೊದಲಿನ ನೀವಾಗಿದ್ದರೆ ಹಾರೆ ತೆಗೆದುಕೊಂಡು, "ಎಲ್ಲಿ ಸ್ವಾಮಿ ನಿಮ್ಮ ಬಂಡೆ, ತೋರ್ಸಿ" ಎನ್ನುತ್ತಿದ್ದಿರಿ. ನೀವು ಆಯ್ತು ಎಂದು ಪುಸ್ತಕದಲ್ಲಿ ಬರೆದುಕೊಂಡಿರಿ. ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ. ನಾನೂ ನಿಮ್ಮ ಮುಖ ನೋಡಲಿಲ್ಲ ಅನ್ನಿ. ನೋಡಿದರೆ ಇಬ್ಬರಿಗೂ ಕಾಣುವುದು ಭಾಗಮ್ಮನೇ.

ಮೊದಲು ನಾನು ಸಿಟ್ಟಿನಿಂದ ಸುಮ್ಮನಿದ್ದೆ. ಈಗ ನೀವು ತಪ್ಪು ಮಾಡಿದೆನೆಂದು ಸುಮ್ಮನಿರುತ್ತೀರಿ. ಗೋಡೆಗೆ ಎರಡೂ ಒಂದೇ. ನಾನು ತಪ್ಪು ಹೇಳಿದರೂ ಇನ್ನು ನೀವು ಎದುರು ಮಾತಾಡಲಾರಿರಿ. ಎದುರು ಮಾತಾಡದವರು ಸೇರಿ ಕಟ್ಟಿದ್ದರ ಕೆಳಗೆ ನಾನು ಯಾರನ್ನೂ ಮಲಗಿಸುವುದಿಲ್ಲ.

ನಾಲ್ಕನೇ ಮನೆಯ ಹಿಂದೆ ಬರೀ ಜೇಡಿಮಣ್ಣು ಇದೆ. ಅಗೆಸಿ ನೋಡಿ, ನಾನು ಹೇಳಿದೆನೆಂದು ನಂಬಬೇಡಿ. ನನ್ನ ತಮ್ಮ ನಿಯಾಜ್ ಬರುತ್ತಾನೆ. ಕೆಲಸದಲ್ಲಿ ನನಗಿಂತ ಗಟ್ಟಿ. ಮುಂಗೋಪಿ, ಬಾಯಿಗೆ ಬೀಗವಿಲ್ಲ, ಯಜಮಾನಿಯವರಿಗೂ ಬಿಡುವುದಿಲ್ಲ. ಮೊದಲ ವಾರದಲ್ಲೇ ನಿಮಗೆ ಅವನನ್ನು ಓಡಿಸಬೇಕು ಎನ್ನಿಸುತ್ತದೆ. ಬೈಯಿರಿ, ಅವನಿಗೆ ಬೈಸಿಕೊಂಡು ಅಭ್ಯಾಸವಿದೆ. ಓಡಿಸಬೇಡಿ. ಅವನ ಜೊತೆ ನಿಮಗೆ ಹಳೆಯದೇನೂ ಇಲ್ಲ, ಧಾರಾಳವಾಗಿ ಜಗಳ ಆಡಬಹುದು.

ಮಲ್ಲಂದೂರಿನಲ್ಲಿ ಅವತ್ತು ಆಳುಗಳು ನಕ್ಕರು ಎಂದು ಬರೆದಿದ್ದಿರಿ. ನಿಮ್ಮನ್ನು ನೋಡಿ ನಕ್ಕರೆಂದು ಇಷ್ಟು ವರ್ಷ ಅಂದುಕೊಂಡಿದ್ದೀರಿ. ಹೊಸ ಇಂಜಿನಿಯರು ಎರಡನೇ ದಿನಕ್ಕೆ ಓಡಿಹೋಗುತ್ತಾರೆ ಎಂದು ನಾನು ಅವರ ಹತ್ತಿರ ಪಂದ್ಯ ಕಟ್ಟಿದ್ದೆ, ಅದನ್ನು ಗೆಲ್ಲಲು ನಾನು ಆಡಿದ ಆಟ ನೋಡಿ ಅವರು ನಕ್ಕಿದ್ದು. ಮರುದಿನ ಏಳು ಗಂಟೆಗೆ ನೀವು ಬಂದು ನಿಂತಿರಿ. ಸೋತಿದ್ದಕ್ಕೆ ಅಷ್ಟು ಖುಷಿಪಟ್ಟಿದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ.

ಈ ಕಾಗದಕ್ಕೆ ಉತ್ತರ ಬರೆಯಬೇಡಿ. ಬರೆದರೆ ಓದುತ್ತೇನೆ. ಓದಿದರೆ ಬರಬೇಕು ಎನ್ನಿಸುತ್ತದೆ.

ಅಬ್ದುಲ್ ರಹೀಮ್